ಆಕ್ಸಿಜನ್ ಮಿಷಿನ್ ಇರುವ ಚಾವಡಿಯಲ್ಲಿ ದೀಪ ಹಚ್ಚಬಹುದಾ?

ಪ್ರಶ್ನೆ: ನಮ್ಮದು ಕಾಪು ಹತ್ತಿರದ ಹಳೇ ಮನೆ. ಅಪ್ಪನಿಗೆ ಶ್ವಾಸಕೋಶದ ತೊಂದರೆ. ದಿನಕ್ಕೆ 15 ಗಂಟೆ ಆಕ್ಸಿಜನ್ ಬೇಕು ಎಂದು ಡಾಕ್ಟರು ಹೇಳಿದ್ದಾರೆ. ಮಿಷಿನನ್ನು ಚಾವಡಿಯಲ್ಲಿ ಇಟ್ಟಿದ್ದೇವೆ. ದೇವರ ಮಂಟಪವೂ ಅಲ್ಲೇ. ಸಂಜೆ ದೀಪ ಹಚ್ಚದೆ ಅಮ್ಮನಿಗೆ ಸಮಾಧಾನ ಇಲ್ಲ. ಹಚ್ಚಬಹುದಾ? ಅಣ್ಣ ಗೊರಕೆ ತೊಂದರೆಗೆ ರಾತ್ರಿ ಸಿಪ್ಯಾಪ್ (ಮಾಸ್ಕಿನಲ್ಲಿ ಗಾಳಿ ಊದುವ ಮಿಷಿನ್) ಹಾಕಿ ಮಲಗುತ್ತಾನೆ. ಅದಕ್ಕೂ ಇದೇ ಭಯವಾ?

ಉತ್ತರ: ಅಮ್ಮ ದೀಪ ಹಚ್ಚಲಿ. ಆದರೆ ಅಪ್ಪ ಆಕ್ಸಿಜನ್ ತೆಗೆದುಕೊಳ್ಳುವ ಜಾಗದಲ್ಲಿ ಬೇಡ. ದೇವರನ್ನು ಕದಲಿಸುವುದು ಕಷ್ಟ, ಮಿಷಿನನ್ನು ತಳ್ಳಿಕೊಂಡು ಹೋಗಬಹುದು. ಇವತ್ತೇ ಅಪ್ಪನ ಮಂಚವನ್ನೂ ಮಿಷಿನನ್ನೂ ಗಾಳಿ ಬೆಳಕು ಇರುವ ಬೇರೆ ಕೋಣೆಗೆ ಒಯ್ಯಿರಿ. ಬೆಂಕಿ ಯಾವುದೇ ಇರಲಿ, ಕನಿಷ್ಠ 10 ಅಡಿ ದೂರ ಇರಬೇಕು ಎನ್ನುವುದು ಸಾಮಾನ್ಯ ನಿಯಮ. ನಾನಂತೂ ಬೇರೆ ಕೋಣೆಯೇ ಒಳ್ಳೆಯದು ಎನ್ನುತ್ತೇನೆ. ಅಡಿ ಅಳೆದು ಬದುಕಲು ಯಾರಿಂದಲೂ ಆಗುವುದಿಲ್ಲ.

ಆಕ್ಸಿಜನ್ ತಾನಾಗಿ ಉರಿಯುವುದಿಲ್ಲ. ಬೇರೆಯದನ್ನು ಉರಿಸುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಆಕ್ಸಿಜನ್ ಇರುವುದು ಸುಮಾರು 21 ಶೇಕಡಾ. ಮಿಷಿನು ಅದೇ ಗಾಳಿಯನ್ನು ಎಳೆದು, ನೈಟ್ರೋಜನ್ ಅನ್ನು ತನ್ನೊಳಗೆ ಹಿಡಿದು, 90 ಶೇಕಡಾ ಆಸುಪಾಸಿನ ಆಕ್ಸಿಜನ್ ಕೊಡುತ್ತದೆ. ಅಪ್ಪ ಉಸಿರು ಬಿಡುವಾಗಲೂ ಪೈಪಿನಲ್ಲಿ ಅದು ಬರುತ್ತಲೇ ಇರುತ್ತದೆ, ಅಲ್ವಾ? ಅದೆಲ್ಲ ಹೋಗುವುದು ಎಲ್ಲಿಗೆ? ಗಡ್ಡಕ್ಕೆ, ಶಾಲಿಗೆ, ದಿಂಬಿಗೆ, ಹೊದಿಕೆಗೆ. ಹಾಗೆ ಆಕ್ಸಿಜನ್ ಕುಡಿದ ಬಟ್ಟೆಗೆ ಒಂದು ಕಿಡಿ ತಾಗಿದರೆ ಸಾಕು, ಭಗ್ಗೆಂದು ಹತ್ತಿಕೊಳ್ಳುತ್ತದೆ. ಪೈಪಿಗೆ ಬೆಂಕಿ ಹಿಡಿದರೆ ಅದು ನೇರ ಮುಖಕ್ಕೇ ಬರುತ್ತದೆ. ಈ ಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ.

ನನ್ನ ಮಾವನಿಗೆ ಆಕ್ಸಿಜನ್ ಮಿಷಿನ್ ತಂದ ದಿನ ಅದನ್ನು ಕೂರಿಸಲು ಬಂದವರು ಸ್ವಿಚ್ ತೋರಿಸಿ ಹೋದರು. ಬೆಂಕಿಯ ಮಾತೇ ಬರಲಿಲ್ಲ. ನಾಲ್ಕನೇ ದಿನ ನೋಡುತ್ತೇನೆ, ಪೈಪು ಊದುಬತ್ತಿಯ ಸ್ಟ್ಯಾಂಡಿನ ಪಕ್ಕದಲ್ಲೇ ಹಾದುಹೋಗಿದೆ. ಆ ಸಂಜೆಯ ನಡುಕ ಇನ್ನೂ ನೆನಪಿದೆ. ಅದಕ್ಕೇ ಹೇಳುವುದು, ದೀಪ ಒಂದೇ ಅಲ್ಲ. ಊದುಬತ್ತಿ, ಧೂಪ, ಸೊಳ್ಳೆ ಬತ್ತಿ, ಗ್ಯಾಸ್ ಒಲೆ, ಬಚ್ಚಲಿನ ಹಂಡೆಯ ಒಲೆ, ಎಲ್ಲವೂ ಬೆಂಕಿಯೇ. ಮೂಗಿಗೆ ಪೈಪು ಹಾಕಿಕೊಂಡು ಅಪ್ಪ ಚಾ ಕಾಯಿಸಲು ಹೋಗಬಾರದು.

ಬೀಡಿ ಎಲ್ಲಕ್ಕಿಂತ ಅಪಾಯ. ನಮ್ಮ ಕಡೆ ಬೀಡಿ ಕಟ್ಟುವ ಮನೆಗಳೇ ಜಾಸ್ತಿ, ಕೈಗೆ ಸುಲಭವಾಗಿ ಸಿಗುತ್ತದೆ. ಮಿಷಿನ್ ಆಫ್ ಮಾಡಿ ಒಂದು ಸೇದುತ್ತೇನೆ ಎಂದರೂ ಒಪ್ಪಬೇಡಿ. ಬಟ್ಟೆಯಲ್ಲಿ, ಕೂದಲಲ್ಲಿ ಆಕ್ಸಿಜನ್ ಇನ್ನೂ ಇರುತ್ತದೆ. ನೋಡಲು ಬಂದ ನೆಂಟರಿಗೂ ಅಂಗಳದಲ್ಲೇ ಸೇದಿ ಬನ್ನಿ ಎನ್ನಿ. ದಾಕ್ಷಿಣ್ಯ ಬೇಡ.

ಅಪ್ಪನಿಗೆ ಸಂಜೆ ದೇವರ ಮುಂದೆ ಕೂರುವ ಆಸೆ ಇರಬಹುದು. 15 ಗಂಟೆ ಎಂದರೆ ಉಳಿದ 9 ಗಂಟೆ ಇದೆಯಲ್ಲ. ಸಂಜೆಯ ಹೊತ್ತನ್ನು ಅದರಲ್ಲಿ ಹೊಂದಿಸಬಹುದಾ ಎಂದು ಡಾಕ್ಟರನ್ನು ಕೇಳಿ. ಒಪ್ಪಿದರೆ ಮಿಷಿನ್ ಆಫ್ ಮಾಡಿ, ಬಟ್ಟೆ ಬದಲಿಸಿ, ಅರ್ಧ ಗಂಟೆ ಜಗಲಿಯ ಗಾಳಿಯಲ್ಲಿ ಕೂರಿಸಿ, ಆಮೇಲೆ ಕರೆತನ್ನಿ. ಪೈಪನ್ನು ಹಾಸಿಗೆ ಮೇಲೆ ಬಿಟ್ಟು ಮಿಷಿನ್ ಓಡುತ್ತಾ ಇರಲು ಬಿಡಲೇಬೇಡಿ.

ಮೂಗು ಒಣಗುತ್ತದೆ ಎಂದು ತೆಂಗಿನೆಣ್ಣೆ ಹಚ್ಚುವ ರೂಢಿ ನಮ್ಮಲ್ಲಿ ಇದೆ. ಆಕ್ಸಿಜನ್ ಇರುವಾಗ ಎಣ್ಣೆ, ವ್ಯಾಸಲಿನ್, ಬಾಮ್ ಯಾವುದೂ ಬೇಡ. ನೀರಿನ ಅಂಶದ ಜೆಲ್ ಸಿಗುತ್ತದೆ, ಡಾಕ್ಟರನ್ನು ಕೇಳಿ ತನ್ನಿ. ಕರೆಂಟು ಹೋದಾಗ ಬೇಕೆಂದು ಇಟ್ಟ ಆಕ್ಸಿಜನ್ ಸಿಲಿಂಡರಿನ ವಾಲ್ವನ್ನು ಎಣ್ಣೆ ಕೈಯಲ್ಲಿ ಮುಟ್ಟುವುದಂತೂ ತುಂಬಾ ಅಪಾಯ.

ಇನ್ನು ಮಳೆಗಾಲ. ಆಟಿ ತಿಂಗಳಲ್ಲಿ ಗಾಳಿ ಮಳೆಗೆ ಮರ ಬಿದ್ದು ಕರೆಂಟು ಹೋದರೆ ಮೆಸ್ಕಾಂನವರು ಬರುವ ತನಕ ಕಾಯಬೇಕು. ಆಗ ನಾವು ಏನು ಮಾಡುತ್ತೇವೆ? ಒಂದು ಕೈಯಲ್ಲಿ ಸಿಲಿಂಡರ್ ತೆರೆಯುತ್ತೇವೆ, ಇನ್ನೊಂದು ಕೈಯಲ್ಲಿ ಮೇಣದಬತ್ತಿ ಹಚ್ಚುತ್ತೇವೆ. ಇದನ್ನು ಮಾತ್ರ ಮಾಡಬೇಡಿ. ಮಂಚದ ಪಕ್ಕ ಟಾರ್ಚ್ ಇರಲಿ. ತುಂಬಿದ ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಆಕ್ಸಿಜನ್ ಇರುತ್ತದೆ. ನಿಮಿಷಕ್ಕೆ 2 ಲೀಟರಿನಂತೆ 12 ಗಂಟೆ ಬರುತ್ತದೆ. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ, ಬೀಳದ ಹಾಗೆ ಗೋಡೆಗೆ ಕಟ್ಟಿ. ಮಿಷಿನನ್ನು ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಬೇಡಿ, ಗೋಡೆಯ ಪ್ಲಗ್ಗಿಗೇ ಹಾಕಿ. ಗೋಡೆ, ಪರದೆಯಿಂದ ಒಂದು ಅಡಿಯಾದರೂ ದೂರ ಇರಲಿ. ಉಬ್ಬಸ ಜಾಸ್ತಿಯಾಯಿತು ಎಂದು ನೀವೇ ಆಕ್ಸಿಜನ್ ಏರಿಸಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಕೆಲವರಿಗೆ ಆಕ್ಸಿಜನ್ ಹೆಚ್ಚಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಬರುತ್ತದೆ.

ಅಣ್ಣನ ಸಿಪ್ಯಾಪ್ ವಿಷಯ ಬೇರೆ. ಅದು ಆಕ್ಸಿಜನ್ ಮಿಷಿನ್ ಅಲ್ಲ. ಕೋಣೆಯ ಗಾಳಿಯನ್ನೇ ಒತ್ತಡದಲ್ಲಿ ಊದಿ, ನಿದ್ದೆಯಲ್ಲಿ ಗಂಟಲು ಮುಚ್ಚದಂತೆ ನೋಡಿಕೊಳ್ಳುತ್ತದೆ. ಹಾಗಾಗಿ ಬೆಂಕಿಯ ಈ ಭಯ ಅದಕ್ಕಿಲ್ಲ. ಅಲ್ಲಿ ನೋಡಿಕೊಳ್ಳಬೇಕಾದದ್ದು ನೀರು. ಬಾವಿ ನೀರು ಎಷ್ಟೇ ಸಿಹಿ ಇರಲಿ, ಗಾಳಿಯನ್ನು ತೇವ ಮಾಡುವ ಅದರ ಡಬ್ಬಿಗೆ ಡಿಸ್ಟಿಲ್ಡ್ ವಾಟರೇ ಆಗಬೇಕು. ಬೆಳಿಗ್ಗೆ ಉಳಿದ ನೀರು ಚೆಲ್ಲಿ, ಡಬ್ಬಿ ಒಣಗಿಸಿ. ನಮ್ಮ ಮಳೆಗಾಲದಲ್ಲಿ ಪೆಟ್ಟಿಗೆಯೊಳಗಿನ ಸೀರೆಗೇ ಬೂಸ್ಟು ಬರುತ್ತದೆ, ಪೈಪಿಗೆ ಬರದೆ ಇರುತ್ತದಾ? ಮಾಸ್ಕನ್ನು ದಿನಾ, ಪೈಪನ್ನು ವಾರಕ್ಕೊಮ್ಮೆ ಸೌಮ್ಯ ಸೋಪಿನಲ್ಲಿ ತೊಳೆದು ನೆರಳಲ್ಲಿ ನೇತುಹಾಕಿ. ಮಿಷಿನು ತಲೆಗಿಂತ ತಗ್ಗಿನಲ್ಲಿರಲಿ. ಇಲ್ಲದಿದ್ದರೆ ಪೈಪಿನಲ್ಲಿ ಕಟ್ಟಿದ ನೀರು ಮುಖಕ್ಕೆ ಇಳಿಯುತ್ತದೆ.

ಮುಂದೆ ಯಾರಿಗಾದರೂ ಸಿಪ್ಯಾಪಿಗೆ ಆಕ್ಸಿಜನ್ ಜೋಡಿಸಲು ಡಾಕ್ಟರು ಹೇಳಿದರೆ ಆಗ ಬೆಂಕಿಯ ನಿಯಮ ಎಲ್ಲವೂ ಅದಕ್ಕೂ ಬರುತ್ತದೆ. ರಾತ್ರಿ ಮೊದಲು ಸಿಪ್ಯಾಪ್ ಆನ್ ಮಾಡಿ, ಆಮೇಲೆ ಆಕ್ಸಿಜನ್ ಬಿಡಬೇಕು. ಬೆಳಿಗ್ಗೆ ಮೊದಲು ಆಕ್ಸಿಜನ್ ನಿಲ್ಲಿಸಿ, ನಂತರ ಸಿಪ್ಯಾಪ್ ಆಫ್ ಮಾಡಬೇಕು. ತಿರುಗುಮುರುಗಾದರೆ ಆಕ್ಸಿಜನ್ ಸಿಪ್ಯಾಪಿನ ಹೊಟ್ಟೆಯೊಳಗೆ ತುಂಬಿಕೊಳ್ಳುತ್ತದೆ, ಅಲ್ಲಿ ಕರೆಂಟಿನ ಕಿಡಿ ಹಾರಬಹುದು. ಈ ಕ್ರಮವನ್ನು ದೊಡ್ಡ ಅಕ್ಷರದಲ್ಲಿ ಬರೆದು ಮಂಚದ ಮೇಲಿನ ಗೋಡೆಗೆ ಅಂಟಿಸಿ.