ಹನಿ ನಿಂತರೆ ಕೂಗುವ 555

ರಾತ್ರಿ ವಾರ್ಡಿನಲ್ಲಿ ರೋಗಿಯ ಮಗ್ಗುಲಲ್ಲಿ ಕೂತವರಿಗೆ ಇರುವುದು ಒಂದೇ ಕೆಲಸ, ಸಲೈನ್ ಬಾಟ್ಲಿ ನೋಡುತ್ತಿರುವುದು. ಕಣ್ಣು ಹತ್ತಿತೋ, ಬಾಟ್ಲಿ ಖಾಲಿಯಾಗಿ ನಳಿಕೆಯಲ್ಲಿ ರಕ್ತ ಮೇಲೇರುತ್ತದೆ. ಅದು ಸೂಜಿಯ ತುದಿಯಲ್ಲಿ ಹೆಪ್ಪುಗಟ್ಟಿದರೆ ಮತ್ತೊಮ್ಮೆ ಚುಚ್ಚಿಸಿಕೊಳ್ಳುವ ನೋವು ರೋಗಿಗೆ. “ಸಿಸ್ಟರ್, ಬಾಟ್ಲಿ ಮುಗೀತಾ ಬಂತು” ಎಂದು ಎಚ್ಚರಿಸುವ ಈ ಕೆಲಸವನ್ನು 555 ಎಂಬ ಅಗ್ಗದ ಟೈಮರ್ ಐಸಿಯಿಂದ (ಸಮಯ ಅಳೆಯುವ ಚಿಪ್‌ನಿಂದ) ಮಾಡಿಸಬಹುದು. ಆದರೆ ಕಾರವಾರ, ಅಂಕೋಲಾ, ಕುಮಟಾದಂಥ ಕಡಲ ದಂಡೆಯಲ್ಲಿ ಸರ್ಕ್ಯೂಟನ್ನು ಪುಸ್ತಕದಲ್ಲಿದ್ದ ಹಾಗೇ ಕಟ್ಟಿದರೆ, ಕೂಗಬೇಕಾದ ಹೊತ್ತಿಗೆ ಅದು ಸುಮ್ಮನೆ ಕೂತುಬಿಡಬಹುದು.

ಮೊದಲು ಹನಿಯ ಲೆಕ್ಕ. ಸಾಮಾನ್ಯ ಡ್ರಿಪ್ ಸೆಟ್ಟಿನಲ್ಲಿ 20 ಹನಿ ಬಿದ್ದರೆ 1 ಮಿಲಿಲೀಟರ್. ಈ ಸಂಖ್ಯೆ ಪ್ಯಾಕೆಟ್ ಮೇಲೆಯೇ ಇರುತ್ತದೆ. 500 ಮಿಲಿಲೀಟರ್ ಬಾಟ್ಲಿ 8 ಗಂಟೆಯಲ್ಲಿ ಇಳಿಯಬೇಕೆಂದರೆ 480 ನಿಮಿಷಕ್ಕೆ 10,000 ಹನಿ, ಅಂದರೆ ನಿಮಿಷಕ್ಕೆ ಸುಮಾರು 21. ಎರಡು ಹನಿಗಳ ನಡುವೆ 2.9 ಸೆಕೆಂಡ್. ಹಾಗಾಗಿ 6 ಸೆಕೆಂಡ್ ಕಳೆದರೂ ಹನಿ ಬೀಳದಿದ್ದರೆ ಏನೋ ಆಗಿದೆ ಎಂದೇ ಅರ್ಥ. ಬಾಟ್ಲಿ ಮುಗಿದಿರಬಹುದು, ನಳಿಕೆ ಮಡಚಿರಬಹುದು, ಸೂಜಿ ಕಟ್ಟಿಕೊಂಡಿರಬಹುದು.

ಈ 6 ಸೆಕೆಂಡನ್ನು 555 ಅಳೆಯುವ ರೀತಿ ಗಳಿಗೆ ಬಟ್ಟಲಿನದೇ. ಮುಹೂರ್ತ ನೋಡಲು ಹಿಂದೆ ಬಳಸುತ್ತಿದ್ದ, ತಳದಲ್ಲಿ ಸಣ್ಣ ತೂತಿದ್ದ ತಾಮ್ರದ ಬಟ್ಟಲು ಅದು. ನೀರಿನ ಮೇಲೆ ಬಿಟ್ಟರೆ ತುಂಬಿ ಮುಳುಗಲು 24 ನಿಮಿಷ. ಇಲ್ಲಿ ಬಟ್ಟಲಿನ ಜಾಗದಲ್ಲಿ ಕೆಪಾಸಿಟರ್, ತೂತಿನ ಜಾಗದಲ್ಲಿ ರೆಸಿಸ್ಟರ್. ಐಸಿಯ ಒಳಗೆ ತಲಾ 5 ಕಿಲೋಓಂನ ಮೂರು ರೆಸಿಸ್ಟರ್‌ಗಳು ಸಾಲಾಗಿ ಕೂತು ಬ್ಯಾಟರಿಯ ವೋಲ್ಟೇಜನ್ನು ಮೂರು ಸಮ ಪಾಲು ಮಾಡುತ್ತವೆ. ಒಂದು ಕಂಪ್ಯಾರೇಟರ್ (ಎರಡು ವೋಲ್ಟೇಜ್ ಹೋಲಿಸುವ ಭಾಗ) ಮೂರನೇ ಒಂದು ಪಾಲನ್ನು ಕಾಯುತ್ತದೆ, ಇನ್ನೊಂದು ಮೂರನೇ ಎರಡನ್ನು. ಐಸಿಯ 2ನೇ ಕಾಲಿನ (ಪಿನ್ನಿನ) ವೋಲ್ಟೇಜ್ ಕೆಳಗಿನ ಗೆರೆಗಿಂತ ಇಳಿದರೆ ಒಳಗಿನ ಫ್ಲಿಪ್-ಫ್ಲಾಪ್ ಮಗುಚಿ 3ನೇ ಕಾಲಿನ ಔಟ್‌ಪುಟ್ ಏರುತ್ತದೆ. 6ನೇ ಕಾಲಿನ ವೋಲ್ಟೇಜ್ ಮೇಲಿನ ಗೆರೆ ದಾಟಿದರೆ ಔಟ್‌ಪುಟ್ ಇಳಿಯುತ್ತದೆ, 7ನೇ ಕಾಲಿನ ಟ್ರಾನ್ಸಿಸ್ಟರ್ ಕೆಪಾಸಿಟರನ್ನು ಬರಿದು ಮಾಡುತ್ತದೆ. ಬರಿದಾದ ಕೆಪಾಸಿಟರ್ ಮೂರನೇ ಎರಡು ಭಾಗ ತುಂಬಲು ಹಿಡಿಯುವ ಸಮಯ ರೆಸಿಸ್ಟರ್ ಮತ್ತು ಕೆಪಾಸಿಟರ್ ಮೌಲ್ಯಗಳ ಗುಣಲಬ್ಧದ 1.1 ಪಟ್ಟು. ಹಾನ್ಸ್ ಕಾಮೆನ್‌ಜಿಂಡ್ 1971ರಲ್ಲಿ ಸಿಗ್ನೆಟಿಕ್ಸ್ ಕಂಪನಿಗಾಗಿ ಇದನ್ನು ರೂಪಿಸಿದರು. ಮಾರುಕಟ್ಟೆಗೆ ಬಂದದ್ದು 1972ರಲ್ಲಿ. ಮೂರು ಐದುಗಳಿಂದ 555 ಎಂಬ ಹೆಸರು ಬಂತೆಂದು ಎಲ್ಲೆಡೆ ಹೇಳುತ್ತಾರೆ, ಅದು ನಿಜವಲ್ಲ.

ಈ ಪಾಲಿನ ಲೆಕ್ಕದಲ್ಲೇ ಅದರ ಚೆಲುವಿದೆ. ಬ್ಯಾಟರಿ 9 ವೋಲ್ಟಿನಿಂದ 6ಕ್ಕೆ ಇಳಿದರೆ ಕೆಪಾಸಿಟರ್ ತುಂಬುವ ವೇಗ ತಗ್ಗುತ್ತದೆ, ಮುಟ್ಟಬೇಕಾದ ಗೆರೆಯೂ ಅಷ್ಟೇ ತಗ್ಗುತ್ತದೆ. ಸಮಯ ಬದಲಾಗುವುದಿಲ್ಲ.

ಹನಿ ಕಾಯಲು ಪುಸ್ತಕಗಳು ಕೊಡುವ ಸರ್ಕ್ಯೂಟಿನಲ್ಲಿ 560 ಕಿಲೋಓಂ ರೆಸಿಸ್ಟರ್, 10 ಮೈಕ್ರೋಫ್ಯಾರಡ್ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಇರುತ್ತವೆ. 1.1ರಿಂದ ಗುಣಿಸಿದರೆ 6.2 ಸೆಕೆಂಡ್. ಹನಿ ಬಿದ್ದಾಗಲೆಲ್ಲ ಒಂದು ಪಿಎನ್‌ಪಿ ಟ್ರಾನ್ಸಿಸ್ಟರ್ ಕೆಪಾಸಿಟರನ್ನು ಬರಿದು ಮಾಡುತ್ತದೆ. ಹನಿ ನಿಂತರೆ ಅದು ಗೆರೆಯವರೆಗೆ ತುಂಬಿ ಬಜರ್ ಕೂಗುತ್ತದೆ. ಕಾಗದದ ಮೇಲೆ ಚೆನ್ನಾಗಿಯೇ ಇದೆ.

ಈಗ ಸೋರಿಕೆಯ ಲೆಕ್ಕ ಹಾಕೋಣ. 9 ವೋಲ್ಟ್ ಬ್ಯಾಟರಿಯಲ್ಲಿ ಮೇಲಿನ ಗೆರೆ 6 ವೋಲ್ಟ್. ಅಲ್ಲಿಗೆ ಬರುವ ಹೊತ್ತಿಗೆ ರೆಸಿಸ್ಟರಿನ ಮೇಲೆ ಉಳಿದಿರುವುದು 3 ವೋಲ್ಟ್, ಅದರ ಮೂಲಕ ಹರಿಯುವ ಕರೆಂಟ್ 5.4 ಮೈಕ್ರೋಆಂಪ್ ಮಾತ್ರ. ಮಾಮೂಲಿ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಮಾಹಿತಿ ಪತ್ರ 3 ಮೈಕ್ರೋಆಂಪ್ ಸೋರಿಕೆಗೆ ಅವಕಾಶ ಕೊಟ್ಟಿರುತ್ತದೆ. ಅಷ್ಟು ಸೋರಿದರೆ 6 ಸೆಕೆಂಡಿನ ಕೂಗು ಒಂಬತ್ತೂವರೆ ಸೆಕೆಂಡಿಗೆ ಬರುತ್ತದೆ. ಬ್ಯಾಟರಿ 6 ವೋಲ್ಟಿಗೆ ಇಳಿದು ಸೋರಿಕೆ ಅಷ್ಟೇ ಇದ್ದರೆ ಹದಿನಾಲ್ಕೂವರೆ ಸೆಕೆಂಡಿಗೆ. 560 ಕಿಲೋಓಂ ಬದಲು 1 ಮೆಗಾಓಂ ಹಾಕಿದ್ದರೆ 9 ವೋಲ್ಟಿನಲ್ಲೇ ಬಟ್ಟಲು ಎಂದೂ ತುಂಬುವುದಿಲ್ಲ, ಬಂದಷ್ಟೂ ಸೋರಿಹೋಗುತ್ತದೆ. ತಿಂಗಳುಗಟ್ಟಲೆ ಕಪಾಟಿನಲ್ಲಿಟ್ಟ ಎಲೆಕ್ಟ್ರೊಲಿಟಿಕ್‌ನಲ್ಲಿ ಆಕ್ಸೈಡ್ ಪದರ ಸೊರಗಿ ಸೋರಿಕೆ ಇನ್ನೂ ಹೆಚ್ಚಿರುತ್ತದೆ. ಅದರ ಮೇಲೆ ನಮ್ಮ ಮಳೆಗಾಲ. ಬೆಸುಗೆಯ ಫ್ಲಕ್ಸ್ ಅಂಟು ತೇವ ಹೀರಿ, ಕಡಲ ಗಾಳಿಯ ಉಪ್ಪನ್ನೂ ಹಿಡಿದುಕೊಂಡು, ಬೋರ್ಡಿನ ಎರಡು ತಾಮ್ರದ ಗೆರೆಗಳ ನಡುವೆ ಕಾಣದ ಕಾಲುವೆ ತೆಗೆಯುತ್ತದೆ. ಬಟ್ಟಲು ಹೀಗೆ ಬರಿದಾಗುವಂತೆ ಸೋರಿದರೆ ಕೂಗು ತಡವಾಗುತ್ತದೆಯೇ ಹೊರತು ಬೇಗ ಬರುವುದಿಲ್ಲ. ರೋಗಿಯ ಪಕ್ಕ ಇಡುವ ಸಾಧನಕ್ಕೆ ಇದು ಕೆಟ್ಟ ಗುಣ; ತಪ್ಪಿದರೆ ಕೂಗುವ ಕಡೆಗೇ ತಪ್ಪಬೇಕು.

ಕೆಪಾಸಿಟರ್ ದೊಡ್ಡದು ಮಾಡಿ ರೆಸಿಸ್ಟರ್ ಇಳಿಸಿದರೆ ಸಾಲದೇ? ಸಾಲದು. ಎಲೆಕ್ಟ್ರೊಲಿಟಿಕ್ ದೊಡ್ಡದಾದಷ್ಟೂ ಅದರ ಸೋರಿಕೆಯೂ ಬೆಳೆಯುತ್ತದೆ. ದಾರಿ ಬೇರೆಯೇ ಇದೆ. 555ನ್ನು ಸಣ್ಣ ಬಟ್ಟಲಿನಿಂದ ವೇಗವಾಗಿ ಓಡಿಸಿ, ಎಷ್ಟು ಸಲ ತುಂಬಿತೆಂದು ಎಣಿಸುವುದು.

555ರ 8ನೇ ಕಾಲಿನಿಂದ 7ಕ್ಕೆ 10 ಕಿಲೋಓಂ, 7ರಿಂದ 6ಕ್ಕೆ 82 ಕಿಲೋಓಂ, 6 ಮತ್ತು 2ನ್ನು ಸೇರಿಸಿ ಅಲ್ಲಿಂದ ನೆಲಕ್ಕೆ (ಬ್ಯಾಟರಿಯ ಮೈನಸ್ ತುದಿಗೆ) 0.1 ಮೈಕ್ರೋಫ್ಯಾರಡ್ ಪಾಲಿಯೆಸ್ಟರ್ ಕೆಪಾಸಿಟರ್. 4ನೇ ಕಾಲು ಬ್ಯಾಟರಿಗೆ, 5ರಿಂದ ನೆಲಕ್ಕೆ 0.01 ಮೈಕ್ರೋಫ್ಯಾರಡ್. ಒಂದು ಸುತ್ತಿಗೆ ಸುಮಾರು 12 ಮಿಲಿಸೆಕೆಂಡ್. ಈ ಮಿಡಿತವನ್ನು ಸಿಡಿ4040 ಎಂಬ ಎಣಿಸುವ ಐಸಿಯ, ಅಂದರೆ ಕೌಂಟರಿನ, 10ನೇ ಕಾಲಿಗೆ ಕೊಡಿ. 512 ಮಿಡಿತ ಆದಾಗ 14ನೇ ಕಾಲು ಏರುತ್ತದೆ, ಅದು 6.2 ಸೆಕೆಂಡ್. ಅದು ಒಂದು ಟ್ರಾನ್ಸಿಸ್ಟರ್ ಮೂಲಕ ಬಜರ್ ಓಡಿಸಲಿ. ಪ್ರತಿ ಹನಿಯೂ 11ನೇ ಕಾಲಿನ ಮೂಲಕ ಎಣಿಕೆಯನ್ನು ಸೊನ್ನೆಗೆ ತರುತ್ತದೆ. ಗೆರೆಯ ಬಳಿ ಈಗ ಹರಿಯುವ ಕರೆಂಟ್ 33 ಮೈಕ್ರೋಆಂಪ್. ಬೋರ್ಡ್ 1 ಮೈಕ್ರೋಆಂಪ್ ಕದ್ದರೂ ಲೆಕ್ಕಕ್ಕಿಲ್ಲ. ಹನಿ ಬಾರದೇ ಇದ್ದರೆ ಬಜರ್ 6 ಸೆಕೆಂಡ್ ಕೂಗಿ, 6 ಸೆಕೆಂಡ್ ನಿಂತು, ಮತ್ತೆ ಕೂಗುತ್ತದೆ. ಅದು ಹಾಗೇ ಇರಲಿ, ಎಡೆಬಿಡದ ಕೂಗಿಗಿಂತ ಅದು ಬೇಗ ಗಮನ ಸೆಳೆಯುತ್ತದೆ. ಬಾಟ್ಲಿಯನ್ನು 24 ಗಂಟೆಗೆ ಇಳಿಸುವಾಗ ಹನಿಗಳ ಅಂತರ 8.6 ಸೆಕೆಂಡ್, ಆಗ ಬಜರನ್ನು 15ನೇ ಕಾಲಿಗೆ ಬದಲಿಸಿದರೆ 12.3 ಸೆಕೆಂಡ್ ಸಿಗುತ್ತದೆ. 555ರ ಮಿಡಿತವೇ ನಿಂತುಹೋದರೆ ಬಜರ್ ಕೂಗದು, ಅದಕ್ಕೇ ಕೌಂಟರಿನ 2ನೇ ಕಾಲಿಗೆ ಒಂದು ಎಲ್‌ಇಡಿ ಬೇಕೇ ಬೇಕು. ಹನಿಗಳ ನಡುವೆ ಅದು ಮಿನುಗುತ್ತಿರುವಷ್ಟು ಕಾಲ ಎಣಿಕೆ ಜೀವಂತ.

555 ಐಸಿ ಕೊಳ್ಳುವಾಗ, ಕಡಿಮೆ ಕರೆಂಟ್ ತಿನ್ನುವ ಸಿಮಾಸ್ (CMOS) ಜಾತಿಯ ಟಿಎಲ್‌ಸಿ555 ಅಥವಾ 7555 ಕೇಳಿ. ಹಳೆಯ ಎನ್‌ಇ555 ಏನೂ ಮಾಡದೆ ಕೂತರೂ 5 ವೋಲ್ಟಿನಲ್ಲಿ 3 ಮಿಲಿಆಂಪ್ ತಿನ್ನುತ್ತದೆ. 1 ಆಂಪ್-ಗಂಟೆಯ ಬ್ಯಾಟರಿಯನ್ನು ಎರಡೇ ವಾರದಲ್ಲಿ ಮುಗಿಸೀತು. ಹೃದಯದ ಪೇಸ್‌ಮೇಕರಿನೊಳಗೆ ಅದು ಏಕಿಲ್ಲ ಎಂಬುದಕ್ಕೆ ಇಷ್ಟೇ ಸಾಕು. ಆದರೂ ಕೆಲಸದ ಮೂಲ ಒಂದೇ: 1957ರಲ್ಲಿ ಅರ್ಲ್ ಬ್ಯಾಕನ್ ಕಟ್ಟಿದ, ಮೈಮೇಲೆ ಧರಿಸುವ ಬ್ಯಾಟರಿ ಪೇಸ್‌ಮೇಕರಿಗೆ ಸಂಗೀತದ ತಾಳ ಹಿಡಿಯುವ ಮೆಟ್ರೊನೋಮ್ ಸರ್ಕ್ಯೂಟೇ ಆಧಾರವಾಗಿತ್ತು. ಎನ್‌ಇ555 ಔಟ್‌ಪುಟ್ ಬದಲಿಸುವ ಕ್ಷಣದಲ್ಲಿ ಬ್ಯಾಟರಿಯಿಂದ ಜೋರಾಗಿ ಒಮ್ಮೆ ಎಳೆಯುತ್ತದೆ, ಆ ಜರ್ಕಿಗೆ ಪಕ್ಕದ ಕೌಂಟರ್ ಲೆಕ್ಕ ತಪ್ಪಬಹುದು. ಯಾವ ಜಾತಿಯದೇ ಹಾಕಿದರೂ 8 ಮತ್ತು 1ನೇ ಕಾಲಿನ ನಡುವೆ, ಐಸಿಗೆ ತಾಗಿದಂತೆ, 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಇರಲಿ.

ಹನಿಯನ್ನು ನೋಡುವ ಕಣ್ಣು ಡ್ರಿಪ್ ಚೇಂಬರಿಗೆ ಹೊರಗಿನಿಂದ ಕಚ್ಚುವ ಒಂದು ಕ್ಲಿಪ್. ಒಂದು ಕಡೆ ಇನ್‌ಫ್ರಾರೆಡ್ ಎಲ್‌ಇಡಿ, ಎದುರು ಬೆಳಕನ್ನು ಗ್ರಹಿಸುವ ಫೋಟೊಟ್ರಾನ್ಸಿಸ್ಟರ್. 820 ಓಂ ಮೂಲಕ ಎಲ್‌ಇಡಿಗೆ ಸುಮಾರು 9.5 ಮಿಲಿಆಂಪ್ ಹೋಗುತ್ತದೆ. ಬ್ಯಾಟರಿಯ ಬಹುಪಾಲು ತಿನ್ನುವುದು ಇದೇ, ಆದ್ದರಿಂದ ಚಪ್ಪಟೆ 9 ವೋಲ್ಟ್ ಬ್ಯಾಟರಿಯ ಬದಲು ಆರು ಪೆನ್‌ಸೆಲ್ ಹಾಕುವುದು ಜಾಣತನ. ಕರೆಂಟ್ ಹೋಗಲಿ ಬರಲಿ, ಚಾರ್ಜರ್ ಸಿಕ್ಕಿಸಬೇಡಿ. ರೋಗಿಯ ಹತ್ತಿರದ ಸಾಧನಕ್ಕೆ ಗೋಡೆಯ ಪ್ಲಗ್ಗಿನ ನಂಟು ಬೇಡ. ಹನಿ ಪಾರದರ್ಶಕ, ಅದು ಬೀಳುವಾಗ ಬೆಳಕು ಸ್ವಲ್ಪವೇ ಅಲುಗುತ್ತದೆ, ಅದನ್ನು ಎಲ್‌ಎಂ393 ಕಂಪ್ಯಾರೇಟರ್ ಹಿಡಿಯಬೇಕು. ಅದರ ಔಟ್‌ಪುಟ್ಟನ್ನು ಕೌಂಟರಿನ 11ನೇ ಕಾಲಿಗೆ ನೇರ ಜೋಡಿಸುವುದು ದೊಡ್ಡ ತಪ್ಪು. ಚೇಂಬರಿನೊಳಗೆ ನೀರಿನ ಮಂಜು ಕಟ್ಟಿ ಕಣ್ಣು ಒಂದೇ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಎಣಿಕೆ ಸೊನ್ನೆಯಲ್ಲೇ ನಿಂತು ಬಜರ್ ಶಾಶ್ವತವಾಗಿ ಮೂಕವಾಗುತ್ತದೆ. ನಡುವೆ 0.01 ಮೈಕ್ರೋಫ್ಯಾರಡ್ ಹಾಕಿ, 11ನೇ ಕಾಲಿನಿಂದ ನೆಲಕ್ಕೆ 100 ಕಿಲೋಓಂ ಕೊಟ್ಟರೆ ಬದಲಾವಣೆ ಮಾತ್ರ ದಾಟುತ್ತದೆ. ಆಗ ಹನಿ ನಿಂತರೂ ಕೂಗು, ಹನಿ ಧಾರೆಯಾಗಿ ಸುರಿದರೂ ಕೂಗು, ಕಣ್ಣು ಕುರುಡಾದರೂ ಕೂಗು.

ಕಟ್ಟಿದ ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಎರಡೂ ಬದಿ ತಿಕ್ಕಿ, ಚೆನ್ನಾಗಿ ಒಣಗಿಸಿ, ಬಿಸಿ ಆರುವ ಮೊದಲೇ ಅಕ್ರಿಲಿಕ್ ಲೇಪ ಹಚ್ಚಿ. ತೇವದ ಮೇಲೆ ಲೇಪ ಹಚ್ಚಿದರೆ ಉಪ್ಪನ್ನು ಒಳಗೇ ಕೂಡಿಹಾಕಿದಂತೆ. ಬ್ಯಾಟರಿ ಪೆಟ್ಟಿಗೆಯ ಸ್ಪ್ರಿಂಗ್ ಹಸಿರುಗಟ್ಟುವುದನ್ನು ತಿಂಗಳಿಗೊಮ್ಮೆ ನೋಡಬೇಕು.

ಇದು ವಾರ್ಡಿಗೆ ಹೋಗುವ ಮೊದಲು ವೈದ್ಯಕೀಯ ಸಾಧನಗಳ ನಿಯಮದಂತೆ ಪರೀಕ್ಷೆ, ಅನುಮತಿ ಎರಡೂ ಆಗಬೇಕು. ಅಲ್ಲಿಯವರೆಗೆ ಅದರ ಜಾಗ ಕಾಲೇಜಿನ ಪ್ರಯೋಗಾಲಯ. ಅಲ್ಲಿ ಬಕೆಟ್ಟಿನ ಮೇಲೆ ಬಾಟ್ಲಿ ತೂಗುಹಾಕಿ, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು, ನಳಿಕೆಯ ಚಕ್ರ ಮುಚ್ಚಿ. ಆಮೇಲೆ ಚಕ್ರ ಪೂರ್ತಿ ಬಿಡಿ. ಆಮೇಲೆ ಕ್ಲಿಪ್ಪಿಗೆ ಟಾರ್ಚ್ ಬಿಡಿ, ಕ್ಲಿಪ್ಪಿನ ಎಲ್‌ಇಡಿಯ ತಂತಿ ಕೀಳಿ. ನಾಲ್ಕೂ ಸಲ 7 ಸೆಕೆಂಡಿನೊಳಗೆ ಕೂಗಬೇಕು. ಇದೇ ಪರೀಕ್ಷೆಯನ್ನು ಜುಲೈ ತಿಂಗಳಲ್ಲಿ, ಸಾಧನವನ್ನು ಒಂದು ರಾತ್ರಿ ಕಿಟಕಿ ತೆರೆದಿಟ್ಟ ಕೋಣೆಯಲ್ಲಿ ಬಿಟ್ಟು, ಬೆಳಿಗ್ಗೆ ಎದ್ದೊಡನೆ ಇನ್ನೊಮ್ಮೆ ಮಾಡಿ.