ಇಪ್ಪತ್ತು ವರ್ಷಕ್ಕೊಮ್ಮೆ ಬರುವ ಪ್ರಶ್ನೆ: ನ್ಯೂಯಾರ್ಕ್‌ನ ಸಂವಿಧಾನ ಸಮಾವೇಶ

ಅಮೆರಿಕದ ರಾಜ್ಯಗಳ ಬಗ್ಗೆ ಪರೀಕ್ಷೆಗೆ ಓದುವಾಗ ನಮ್ಮಲ್ಲಿ ಹೆಚ್ಚಿನವರು ತಡವರಿಸುವುದು ಇಲ್ಲೇ. ಕರ್ನಾಟಕಕ್ಕೆ ಪ್ರತ್ಯೇಕ ಸಂವಿಧಾನವಿಲ್ಲ. ವಿಧಾನಸಭೆಯಿಂದ ಹೈಕೋರ್ಟ್‌ವರೆಗೆ ಎಲ್ಲವೂ ಭಾರತದ ಸಂವಿಧಾನದಲ್ಲೇ ಅಡಕವಾಗಿದೆ. ಅಲ್ಲಿ ಹಾಗಲ್ಲ. ಐವತ್ತು ರಾಜ್ಯಗಳಿಗೂ ಸ್ವಂತ ಸಂವಿಧಾನವಿದೆ, ಅದನ್ನು ತಿದ್ದುವ ದಾರಿಯನ್ನೂ ಆಯಾ ಸಂವಿಧಾನವೇ ಹೇಳುತ್ತದೆ.

ನ್ಯೂಯಾರ್ಕ್‌ನಲ್ಲಿ ಎರಡು ದಾರಿಗಳಿವೆ. ಮೊದಲನೆಯದು ಶಾಸಕಾಂಗದ್ದು: ಒಂದು ಶಾಸಕಾಂಗ ಒಪ್ಪಿದ ತಿದ್ದುಪಡಿಯನ್ನು, ನಡುವೆ ಚುನಾವಣೆ ಕಳೆದು ಬಂದ ಮುಂದಿನ ಶಾಸಕಾಂಗವೂ ಒಪ್ಪಬೇಕು, ಆಮೇಲೆ ಅದು ಮತದಾರರ ಮುಂದೆ ಬರುತ್ತದೆ. ಎರಡನೆಯದು ಸಂವಿಧಾನ ಸಮಾವೇಶ: ಜನ ಬೇರೆಯೇ ಪ್ರತಿನಿಧಿಗಳನ್ನು ಆರಿಸಿ ಇಡೀ ಸಂವಿಧಾನವನ್ನು ಅವರ ಮುಂದಿಡುವುದು. ಸಮಾವೇಶ ಬೇಕೇ ಎಂಬ ಪ್ರಶ್ನೆ 20 ವರ್ಷಕ್ಕೊಮ್ಮೆ ತಾನಾಗಿಯೇ ಮತಪತ್ರಕ್ಕೆ ಬರುತ್ತದೆ. ಈ ಪದ್ಧತಿ 1846ರ ಸಂವಿಧಾನದಿಂದ ಬಂದದ್ದು. ಹೀಗೆ ನಿಯತವಾಗಿ ಕೇಳುವ ರಾಜ್ಯಗಳು ಒಟ್ಟು 14.

ಇದರ ಹಿಂದಿನ ತರ್ಕವನ್ನು ಚೆನ್ನಾಗಿ ಮನದಟ್ಟು ಮಾಡಿಕೊಳ್ಳಿ. ಮೊದಲ ದಾರಿಯ ಬೀಗದ ಕೈ ಶಾಸಕರ ಬಳಿಯೇ ಇದೆ. ಕ್ಷೇತ್ರಗಳ ಗಡಿ ಎಳೆಯುವ ಅಧಿಕಾರ, ಎಷ್ಟು ಅವಧಿ ಶಾಸಕರಾಗಿರಬಹುದೆಂಬ ಮಿತಿ, ಭ್ರಷ್ಟಾಚಾರದ ಮೇಲಿನ ನಿಗಾ ಇಂಥ ವಿಷಯಗಳಲ್ಲಿ ಬೇಲಿಯೇ ಹೊಲ ಮೇಯುತ್ತಿದ್ದರೆ ಆ ಬೇಲಿಯನ್ನೇ ಕೇಳಿ ಪ್ರಯೋಜನವಿಲ್ಲ. ಅದಕ್ಕಾಗಿ ಅವರನ್ನು ಬದಿಗಿಟ್ಟು ಹೋಗುವ ಇನ್ನೊಂದು ದಾರಿ.

ಆದರೂ 1957, 1977, 1997, 2017ರಲ್ಲಿ ನ್ಯೂಯಾರ್ಕ್‌ನ ಮತದಾರರು ಬೇಡವೆಂದರು. 2017ರ ನವೆಂಬರ್ 7ರಂದು ಉತ್ತರಿಸಿದವರಲ್ಲಿ ಶೇಕಡಾ 80ಕ್ಕೂ ಹೆಚ್ಚು ಮಂದಿ ವಿರುದ್ಧ ಮತ ಹಾಕಿದರು. ರಾಜ್ಯದ ವಕೀಲರ ಸಂಘ ಸಮಾವೇಶದ ಪರವಾಗಿತ್ತು. ನೌಕರರ ಸಂಘಟನೆಗಳು ಬಲವಾಗಿ ವಿರೋಧಿಸಿದವು. ಸರ್ಕಾರಿ ನೌಕರರ ಪಿಂಚಣಿಯನ್ನು ಕಡಿತ ಮಾಡುವಂತಿಲ್ಲ ಎಂಬ ರಕ್ಷಣೆ ಸಂವಿಧಾನದಲ್ಲಿದೆ; ಬಾಗಿಲು ತೆರೆದರೆ ಅದೇ ಹೋದೀತು ಎಂಬ ಭಯ ಅವರದು. ಅಡಿರಾಂಡ್ಯಾಕ್ ಮತ್ತು ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿರುವ ರಾಜ್ಯದ ಅರಣ್ಯ ಎಂದೆಂದಿಗೂ ಕಾಡಾಗಿಯೇ ಉಳಿಯಬೇಕೆಂಬ, 1894ರ ಸಮಾವೇಶ ಕೊಟ್ಟ ವಿಧಿಯ ಬಗ್ಗೆ ಪರಿಸರವಾದಿಗಳಿಗೂ ಆತಂಕವಿತ್ತು.

ಅದೇ ಮತಪತ್ರವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅದರಲ್ಲಿ ಇನ್ನೂ ಎರಡು ಪ್ರಶ್ನೆಗಳಿದ್ದವು. ಅಧಿಕಾರಕ್ಕೆ ಸಂಬಂಧಿಸಿದ ಗಂಭೀರ ಅಪರಾಧದಲ್ಲಿ ಶಿಕ್ಷೆಯಾದ ಸಾರ್ವಜನಿಕ ಅಧಿಕಾರಿಯ ಪಿಂಚಣಿಯನ್ನು ನ್ಯಾಯಾಲಯ ಕಿತ್ತುಕೊಳ್ಳಬಹುದೇ? ಸ್ಥಳೀಯ ಅಗತ್ಯಗಳಿಗಾಗಿ ಸಂರಕ್ಷಿತ ಅರಣ್ಯದಿಂದ ಒಟ್ಟು 250 ಎಕರೆಯವರೆಗೆ ಬಿಟ್ಟುಕೊಟ್ಟು, ಬದಲಿಗೆ ಬೇರೆ ಭೂಮಿ ಸೇರಿಸಬಹುದೇ? ಎರಡಕ್ಕೂ ಜನ ಒಪ್ಪಿಗೆ ಕೊಟ್ಟರು. ಪಿಂಚಣಿ ಮತ್ತು ಕಾಡು, ಯಾವುದನ್ನು ಮುಟ್ಟಬಾರದೆಂದು ಸಮಾವೇಶವನ್ನು ತಡೆದರೋ ಅವನ್ನೇ ಅದೇ ದಿನ ತಾವೇ ತಿದ್ದಿದರು. ಹಾಗಾಗಿ ಜನ ಬದಲಾವಣೆಯ ವಿರೋಧಿಗಳೆಂದು ಉತ್ತರಪತ್ರಿಕೆಯಲ್ಲಿ ಬರೆಯಬೇಡಿ. ಏನು ಬದಲಾಗುತ್ತದೆಂದು ಕಣ್ಣಿಗೆ ಕಂಡಾಗ ಅವರು ಒಪ್ಪಿದರು. ಯಾರು ಏನು ಬರೆಯುತ್ತಾರೋ ತಿಳಿಯದಿದ್ದಾಗ ಒಪ್ಪಲಿಲ್ಲ.

ಆ ಅಪನಂಬಿಕೆಗೆ ಕಾರಣವಿತ್ತು. ಸಮಾವೇಶ ನಡೆದಿದ್ದರೆ ಪ್ರತಿನಿಧಿಗಳು 204: ರಾಜ್ಯ ಶಾಸಕಾಂಗದ ಮೇಲ್ಮನೆಯಾದ ಸೆನೆಟ್‌ನ 63 ಕ್ಷೇತ್ರಗಳಿಂದ ತಲಾ ಮೂವರು, ಇಡೀ ರಾಜ್ಯದಿಂದ 15 ಮಂದಿ. ಆ ಕ್ಷೇತ್ರಗಳ ಗಡಿಯನ್ನು 2012ರಲ್ಲಿ ಎಳೆದದ್ದು ಶಾಸಕಾಂಗವೇ. ಹಾಲಿ ಶಾಸಕರೂ ಸ್ಪರ್ಧಿಸಬಹುದಿತ್ತು, ಗೆದ್ದರೆ ಎರಡೂ ಸಂಬಳ ಪಡೆಯಬಹುದಿತ್ತು. ಶಾಸಕರನ್ನು ಬದಿಗಿಟ್ಟು ಹೋಗಬೇಕಾದ ದಾರಿ ಮತ್ತೆ ಅವರ ಮನೆಬಾಗಿಲಿಗೇ ಬಂದು ನಿಂತಿತು. ನನ್ನ ಮಟ್ಟಿಗೆ ಸಮಾವೇಶದ ವಿರುದ್ಧದ ಗಟ್ಟಿಯಾದ ವಾದ ಇದೊಂದೇ.

ಪಿಂಚಣಿಯ ಭಯ ಅಷ್ಟು ಗಟ್ಟಿಯಲ್ಲ, ಏಕೆಂದರೆ ಸಮಾವೇಶ ಬರೆದದ್ದು ಮತ್ತೆ ಮತದಾರರ ಬಳಿಗೇ ಬರಬೇಕು. 1938ರ ಸಮಾವೇಶ ತನ್ನ ಕೆಲಸವನ್ನು ಒಂಬತ್ತು ಪ್ರಶ್ನೆಗಳಾಗಿ ಬಿಡಿಸಿಟ್ಟಿತು. ಜನ ಆರನ್ನು ಒಪ್ಪಿ ಮೂರನ್ನು ಬಿಟ್ಟರು. ಪಿಂಚಣಿಯ ರಕ್ಷಣೆ ಬಂದದ್ದೂ ಆ ಸಮಾವೇಶದಿಂದಲೇ. ಶಾಸಕಾಂಗವೇ ನಡುವೆ ಪ್ರಶ್ನೆ ಇಟ್ಟು, ಜನ ಒಪ್ಪಿ ನಡೆದ 1967ರ ಸಮಾವೇಶ ಎಲ್ಲವನ್ನೂ ಒಂದೇ ಗಂಟು ಕಟ್ಟಿ ಮುಂದಿಟ್ಟಿತು. ಜನ ಇಡೀ ಗಂಟನ್ನು ತಳ್ಳಿದರು.

ಹೋಲಿಕೆಗೆ ಮೊಂಟಾನಾ. 1972ರ ಅಲ್ಲಿನ ಸಮಾವೇಶಕ್ಕೆ ಹಾಲಿ ಶಾಸಕರು ಬರುವಂತಿರಲಿಲ್ಲ. ಆಯ್ಕೆಯಾದ ನೂರು ಮಂದಿ ಪಕ್ಷದ ಸಾಲುಗಳಲ್ಲಿ ಕೂರದೆ ಹೆಸರಿನ ಅಕ್ಷರಕ್ರಮದಲ್ಲಿ ಕುಳಿತರು. ಪಕ್ಕದ ಕುರ್ಚಿಯಲ್ಲಿ ಎದುರು ಪಕ್ಷದವರು ಇದ್ದರೆ ಮಾತಿನ ಧಾಟಿಯೇ ಬೇರೆಯಾಗುತ್ತದೆ. ಶುದ್ಧ, ಆರೋಗ್ಯಕರ ಪರಿಸರದ ಹಕ್ಕನ್ನು ಬರೆದಿಟ್ಟವರು ಅವರೇ.

ಆದ್ದರಿಂದ ಬೆಂಬಲಿಸಬೇಕೇ ಎಂದು ಕೇಳಿದರೆ ನಾನು ಮೊದಲು ಪ್ರತಿನಿಧಿಗಳ ಆಯ್ಕೆಯ ನಿಯಮ ಓದುತ್ತೇನೆ. 2017ರಲ್ಲಿ ನ್ಯೂಯಾರ್ಕ್‌ನಲ್ಲಿದ್ದಿದ್ದರೆ, ಸುಧಾರಣೆ ಬೇಕೆಂದು ಎಷ್ಟೇ ಅನಿಸಿದರೂ, ಬೇಡ ಎಂದೇ ಗುರುತು ಹಾಕುತ್ತಿದ್ದೆ. ಮಿಷಿಗನ್‌ನಲ್ಲಿ ಈ ಪ್ರಶ್ನೆ 16 ವರ್ಷಕ್ಕೊಮ್ಮೆ. 2010ರ ನಂತರದ ಸರದಿ 2026. ಅಲ್ಲೂ ಪ್ರತಿನಿಧಿಗಳು ಶಾಸಕಾಂಗದ ಕ್ಷೇತ್ರಗಳಿಂದಲೇ ಬರುತ್ತಾರೆ. ಆದರೆ 2018ರಲ್ಲಿ ಜನ ಸಹಿ ಸಂಗ್ರಹಿಸಿ ತಂದ ತಿದ್ದುಪಡಿಯಿಂದಾಗಿ ಗಡಿ ಎಳೆಯುವವರು ಈಗ ಶಾಸಕರಲ್ಲ, 13 ನಾಗರಿಕರ ಆಯೋಗ. ನ್ಯೂಯಾರ್ಕ್‌ಗೆ ಬರೆದ ಉತ್ತರವನ್ನು ಅಲ್ಲಿಗೆ ಹಾಗೆಯೇ ನಕಲು ಮಾಡಲಾಗುವುದಿಲ್ಲ.