ಆಡ್-ಆನ್ ವಿಮಾನ ಹಾಕಿದ ಮೇಲೆ ಹ್ಯಾಂಗ್ ಆಗುತ್ತೆ, ಸೌಂಡ್ ಬರಲ್ಲ: ಗ್ರಾಫಿಕ್ಸ್ ಕಾರ್ಡ್ ಬದಲಾಯಿಸಲಾ?

ಪ್ರಶ್ನೆ: ಸರ್, ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020ಕ್ಕೆ ಫ್ಲೈಬೈವೈರ್ ಎ32ಎನ್‌ಎಕ್ಸ್ ಅನ್ನೋ ಏರ್‌ಬಸ್ ಎ320 ಆಡ್-ಆನ್ (ಸಿಮ್‌ಗೆ ಹೊರಗಿನಿಂದ ಸೇರಿಸೋ ವಿಮಾನ) ಹಾಕಿಕೊಂಡೆ. ಸಿಮ್ ಜೊತೆ ಬಂದ ವಿಮಾನಗಳೆಲ್ಲ ಚೆನ್ನಾಗಿ ಹಾರುತ್ತವೆ. ಇದು ಮಾತ್ರ ಲೋಡ್ ಆಗುವಾಗ ಒಮ್ಮೆ ಹ್ಯಾಂಗ್, ಮಂಗಳೂರಿನಲ್ಲಿ ಇಳಿಯುವಾಗ ಮತ್ತೆ ಹ್ಯಾಂಗ್. ಸೌಂಡ್ ಕೂಡ ಒಮ್ಮೆ ಇರುತ್ತೆ, ಒಮ್ಮೆ ಕೇಳಿಸೋದೇ ಇಲ್ಲ. ಗ್ರಾಫಿಕ್ಸ್ ಕಾರ್ಡ್ ಬದಲಾಯಿಸು ಅಂತ ಸ್ನೇಹಿತರು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಬದಲಾಯಿಸಬೇಡಿ. ದುಡ್ಡು ಸದ್ಯಕ್ಕೆ ಜೇಬಿನಲ್ಲೇ ಇರಲಿ.

ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಪ್ರತಿ ಸಲವೂ ಕೊನೆಯ ಸಾಲು ಗ್ರಾಫಿಕ್ಸ್ ಕಾರ್ಡಿಗೇ ಬಂದು ನಿಲ್ಲುತ್ತದೆ. ಹಾಗಾಗಿ ಮೊದಲು ಅದನ್ನೇ ಬಿಡಿಸಿ ಹೇಳುತ್ತೇನೆ.

ಉತ್ತರದ ಅರ್ಧ ಭಾಗ ನಿಮ್ಮ ಪ್ರಶ್ನೆಯಲ್ಲೇ ಇದೆ. ಬೇರೆ ವಿಮಾನಗಳು ಚೆನ್ನಾಗಿ ಹಾರುತ್ತವೆ ಅಂದಿರಿ. ಅದೇ ಮಂಗಳೂರು, ಅದೇ ಗುಡ್ಡ, ಅದೇ ಮೋಡ, ಅದೇ ರನ್‌ವೇ. ಇವನ್ನೆಲ್ಲ ಪರದೆ ಮೇಲೆ ಬಿಡಿಸುವುದು ಗ್ರಾಫಿಕ್ಸ್ ಕಾರ್ಡ್. ಒಂದು ವಿಮಾನ ಹಾರಿಸುವಾಗ ಸುಲಭವಾಗಿ ಬಿಡಿಸಿದ ಗುಡ್ಡವನ್ನು ಇನ್ನೊಂದು ವಿಮಾನ ಬಂದ ತಕ್ಷಣ ಅದು ಯಾಕೆ ಬಿಡಿಸದೆ ಹೋಗುತ್ತದೆ? ಬದಲಾಗಿದ್ದು ಹೊರಗಿನ ಚಿತ್ರ ಅಲ್ಲ, ವಿಮಾನದ ಒಳಗಿನ ಲೆಕ್ಕ. ಈ ಆಡ್-ಆನ್ ಹೈಡ್ರಾಲಿಕ್, ವಿದ್ಯುತ್, ಆಟೋಪೈಲಟ್, ದಾರಿಯ ಲೆಕ್ಕ ಎಲ್ಲವನ್ನೂ ಕ್ಷಣಕ್ಷಣಕ್ಕೂ ಹಾಕುತ್ತಿರುತ್ತದೆ. ಕಾಕ್‌ಪಿಟ್‌ನ ಒಂದೊಂದು ಪರದೆಯೂ ಒಂದು ಪುಟ್ಟ ವೆಬ್ ಪುಟದಂತೆ ಜಾವಾಸ್ಕ್ರಿಪ್ಟ್‌ನಲ್ಲಿ ಓಡುತ್ತದೆ. ಈ ಹೊರೆಯಲ್ಲಿ ಬಹುಪಾಲು ಬೀಳುವುದು ಪ್ರೊಸೆಸರ್ ಮೇಲೆ. ಅದರಲ್ಲೂ ಕೆಲಸಗಳು ಒಂದರ ಹಿಂದೆ ಒಂದು ನಡೆಯುವ, ಮೇನ್ ಥ್ರೆಡ್ ಎನ್ನುವ ಒಂದೇ ಸಾಲಿನ ಮೇಲೆ.

ದರ್ಶಿನಿಯಲ್ಲಿ ದೋಸೆ ಕಾವಲಿ ಮುಂದೆ ಭಟ್ಟರು ಒಬ್ಬರೇ ನಿಂತಿದ್ದಾರೆ ಅಂದುಕೊಳ್ಳಿ. ಹೊರಗೆ ಟೇಬಲ್ ಜಾಸ್ತಿ ಹಾಕಿಸಿದರೆ ದೋಸೆ ಬೇಗ ಬರುತ್ತದಾ? ಗ್ರಾಫಿಕ್ಸ್ ಕಾರ್ಡ್ ಬದಲಾಯಿಸುವುದು ಟೇಬಲ್ ಹಾಕಿಸಿದ ಹಾಗೆ. ರ‍್ಯಾಮ್ ಸೇರಿಸುವುದು ಹಿಟ್ಟಿನ ಪಾತ್ರೆ ದೊಡ್ಡದು ಮಾಡಿದ ಹಾಗೆ. ಭಟ್ಟರ ಕೈ ಮಾತ್ರ ಮೊದಲಿನಷ್ಟೇ ವೇಗದಲ್ಲಿ ಓಡುತ್ತಿರುತ್ತದೆ.

ಇಷ್ಟು ಹೇಳಿದ ಮೇಲೂ ಒಂದು ವಾದ ಬರುತ್ತದೆ: "ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಬರೀ 20% ತೋರಿಸುತ್ತಿದೆ ಸರ್, ಪ್ರೊಸೆಸರ್ ಆರಾಮಾಗಿದೆ." ಆರಾಮಾಗಿಲ್ಲ. 8 ಕೋರ್, 16 ಥ್ರೆಡ್ ಇರುವ ಪ್ರೊಸೆಸರ್‌ನಲ್ಲಿ ಒಂದು ಥ್ರೆಡ್ ಪೂರ್ತಿ ದಣಿದರೂ ಒಟ್ಟು ಲೆಕ್ಕದಲ್ಲಿ ಅದು 6.25% ಅಷ್ಟೇ. ಜೊತೆಗೆ ವಿಂಡೋಸ್ ಆ ಕೆಲಸವನ್ನು ಒಂದು ಕೋರ್‌ನಿಂದ ಇನ್ನೊಂದಕ್ಕೆ ಎತ್ತಿ ಹಾಕುತ್ತಿರುತ್ತದೆ. ಹಾಗಾಗಿ ಕೋರ್‌ಗಳ ಗ್ರಾಫ್ ಬಿಡಿಬಿಡಿಯಾಗಿ ನೋಡಿದರೂ ಯಾವುದೂ 100% ಮುಟ್ಟದೆ ಇರಬಹುದು. ಟಾಸ್ಕ್ ಮ್ಯಾನೇಜರ್ ಸುಳ್ಳು ಹೇಳುತ್ತಿಲ್ಲ. ನಾವು ಕೇಳಬೇಕಾದ ಪ್ರಶ್ನೆಯೇ ಬೇರೆ.

ಆ ಪ್ರಶ್ನೆಯನ್ನು ಸಿಮ್‌ಗೇ ಕೇಳಿ. ಜನರಲ್ ಆಪ್ಷನ್ಸ್‌ನಲ್ಲಿ ಡೆವಲಪರ್ ಮೋಡ್ ಆನ್ ಮಾಡಿ. ಮೇಲೆ ಬರುವ ಪಟ್ಟಿಯ ಡೀಬಗ್ ಮೆನುವಿನಲ್ಲಿ ಡಿಸ್‌ಪ್ಲೇ ಎಫ್‌ಪಿಎಸ್ ಒತ್ತಿ. ಒಂದು ಚಿಕ್ಕ ಪೆಟ್ಟಿಗೆ ಬರುತ್ತದೆ. "ಲಿಮಿಟೆಡ್ ಬೈ ಮೇನ್‌ಥ್ರೆಡ್" ಅಂತ ಬರೆದಿದ್ದರೆ ಕಾರ್ಡ್ ಮಾತು ಅಲ್ಲಿಗೆ ಮುಗಿಯಿತು. ಸೆಕೆಂಡಿಗೆ 30 ಫ್ರೇಮ್, ಅಂದರೆ 30 ಚಿತ್ರ, ಬೇಕು ಅಂದರೆ ಒಂದೊಂದು ಫ್ರೇಮ್ 33 ಮಿಲಿಸೆಕೆಂಡಿನ ಒಳಗೆ ಮುಗಿಯಬೇಕು. ಮೇನ್ ಥ್ರೆಡ್‌ಗೇ 50 ಹಿಡಿದರೆ ಎಂಥಾ ಕಾರ್ಡ್ ಇದ್ದರೂ ಅದು ಕೈಕಟ್ಟಿ ಕಾಯಬೇಕು.

ಇನ್ನೂ ನಂಬಿಕೆ ಬರದಿದ್ದರೆ ರೆಂಡರ್ ಸ್ಕೇಲಿಂಗ್ (ಚಿತ್ರ ಎಷ್ಟು ಸ್ಪಷ್ಟವಾಗಿ ಬಿಡಿಸಬೇಕು ಎನ್ನುವ ಸೆಟ್ಟಿಂಗ್) ಅನ್ನು 100ರಿಂದ 50ಕ್ಕೆ ಇಳಿಸಿ ಅದೇ ಜಾಗದಲ್ಲಿ ಮತ್ತೆ ಇಳಿಯಿರಿ. ಚಿತ್ರ ಮಸುಕಾಗುತ್ತದೆ, ಕಾರ್ಡಿನ ಕೆಲಸ ತುಂಬಾ ಕಮ್ಮಿ ಆಗುತ್ತದೆ. ಆದರೂ ಅಷ್ಟೇ ಹ್ಯಾಂಗ್ ಆದರೆ ತಪ್ಪು ಕಾರ್ಡಿನದಲ್ಲ. ಹ್ಯಾಂಗ್ ನಿಂತೇ ಹೋದರೆ ಆಗ ಕಾರ್ಡಿನ ಬಗ್ಗೆ ಯೋಚಿಸೋಣ. 4ಕೆ ಪರದೆ, ಅಲ್ಟ್ರಾ ಟೆಕ್ಸ್ಚರ್ ಇಟ್ಟುಕೊಂಡು ಕಾರ್ಡಿನ ಮೆಮೊರಿ ತುಂಬಿಹೋಗುವವರೂ ಇದ್ದಾರೆ. ಅವರಿಗೆ ಕೂಡ ಮೊದಲ ಮದ್ದು ಟೆಕ್ಸ್ಚರ್ ಒಂದು ಮೆಟ್ಟಿಲು ಇಳಿಸುವುದು.

ಮೇನ್ ಥ್ರೆಡ್ ದಣಿದಿದೆ ಅಂತ ಗೊತ್ತಾದರೆ ಟೆರೇನ್ ಲೆವೆಲ್ ಆಫ್ ಡೀಟೇಲ್ (ನೆಲವನ್ನು ಎಷ್ಟು ವಿವರವಾಗಿ ತೋರಿಸಬೇಕು ಎನ್ನುವ ಸೆಟ್ಟಿಂಗ್) ಅನ್ನು 200 ಇದ್ದರೆ 100ಕ್ಕೆ ತನ್ನಿ, ಟ್ರಾಫಿಕ್ ಕಮ್ಮಿ ಮಾಡಿ, ಗ್ಲಾಸ್ ಕಾಕ್‌ಪಿಟ್ ರಿಫ್ರೆಶ್ ರೇಟ್ (ಕಾಕ್‌ಪಿಟ್ ಪರದೆಗಳು ಎಷ್ಟು ಬೇಗ ಬೇಗ ಹೊಸದಾಗಬೇಕು ಎನ್ನುವುದು) ಅನ್ನು ಮೀಡಿಯಮ್‌ಗೆ ಇಳಿಸಿ. ನೆಲದ ಹತ್ತಿರ ಆಗುವ ಹ್ಯಾಂಗ್ ಬಹುಪಾಲು ಇಲ್ಲೇ ಸರಿಹೋಗುತ್ತದೆ.

ಲೋಡ್ ಆಗುವಾಗಿನ ಹ್ಯಾಂಗ್ ಬೇರೆಯದೇ ಕಥೆ. ಹೊಸದಾಗಿ ಹಾಕಿದಾಗ ಅಥವಾ ಅಪ್‌ಡೇಟ್ ಆದಾಗ, ವಿಮಾನದ ವೆಬ್‌ಅಸೆಂಬ್ಲಿ ಕೋಡನ್ನು ಸಿಮ್ ನಿಮ್ಮ ಯಂತ್ರಕ್ಕೆ ತಕ್ಕಂತೆ ಒಮ್ಮೆ ಕಂಪೈಲ್ ಮಾಡುತ್ತದೆ, ಅಂದರೆ ಯಂತ್ರದ ಭಾಷೆಗೆ ತಿರುಗಿಸುತ್ತದೆ. ಕೆಲವು ನಿಮಿಷ ಪರದೆ ಅಲುಗಾಡುವುದಿಲ್ಲ. "ನಾಟ್ ರೆಸ್ಪಾಂಡಿಂಗ್" ಅಂತಲೂ ಬರಬಹುದು. ಬಹಳ ಜನ ಇದೇ ಹೊತ್ತಿನಲ್ಲಿ ಟಾಸ್ಕ್ ಮ್ಯಾನೇಜರ್ ತೆಗೆದು ಸಿಮ್ ಮುಚ್ಚುತ್ತಾರೆ. ಮುಚ್ಚಿದರೆ ಮುಂದಿನ ಸಲ ಅದೇ ಕೆಲಸ ಮೊದಲಿನಿಂದ ಶುರುವಾಗುತ್ತದೆ, ಅವರು ಮತ್ತೆ ಮುಚ್ಚುತ್ತಾರೆ. ದಯವಿಟ್ಟು ಎದ್ದು ಹೋಗಿ ಒಂದು ಕಾಫಿ ಮಾಡಿಕೊಂಡು ಬನ್ನಿ.

ಇನ್ನೊಂದು, ಕಮ್ಯುನಿಟಿ ಫೋಲ್ಡರ್, ಅಂದರೆ ಆಡ್-ಆನ್‌ಗಳನ್ನು ಹಾಕುವ ಜಾಗ. ಪರಿಚಯದ ಹುಡುಗನೊಬ್ಬ ಹೊಸ ಕಾರ್ಡ್ ಹಾಕಿಸಿಯೂ ಹ್ಯಾಂಗ್ ನಿಲ್ಲಲಿಲ್ಲ ಅಂತ ಫೋನ್ ಮಾಡಿದ್ದ. ವಿಡಿಯೋ ಕಾಲ್‌ನಲ್ಲಿ ಫೋಲ್ಡರ್ ತೆಗೆಸಿ ನೋಡಿದೆ. ವಿಮಾನದ ಫೋಲ್ಡರ್ ಇತ್ತು. ಅದರ ಕೆಳಗೇ ಅದೇ ಹೆಸರಿನ ಮುಂದೆ "ಕಾಪಿ" ಅಂತ ಬರೆದ ಇನ್ನೊಂದು ಇತ್ತು. ಅಪ್‌ಡೇಟ್‌ಗೆ ಮುಂಚೆ ಜೋಪಾನವಾಗಿ ಎತ್ತಿಟ್ಟದ್ದಂತೆ. ಎತ್ತಿಟ್ಟ ಜಾಗ ಮಾತ್ರ ತಪ್ಪು. ಕಮ್ಯುನಿಟಿ ಒಳಗೆ ಏನಿದೆಯೋ ಅದನ್ನೆಲ್ಲ ಸಿಮ್ ಓದುತ್ತದೆ. ಹೆಸರು ಏನೇ ಇರಲಿ, ಹಳೆಯದೂ ಹೊಸದೂ ಒಂದರ ಕಾಲಿಗೆ ಒಂದು ತೊಡರುತ್ತವೆ. ಆ ಕಾಪಿಯನ್ನು ಬೇರೆ ಡ್ರೈವ್‌ಗೆ ಸಾಗಿಸಿದೆವು. ಆ ಸಂಜೆ ಅವನು ಒಂದೇ ಒಂದು ಹ್ಯಾಂಗ್ ಇಲ್ಲದೆ ಇಳಿದ. ಕಾರ್ಡಿಗೆ ಕೊಟ್ಟ ದುಡ್ಡು ನೆನೆದರೆ ನನಗೆ ಈಗಲೂ ಬೇಜಾರಾಗುತ್ತದೆ. ನೀವೂ ಕಮ್ಯುನಿಟಿ ಫೋಲ್ಡರ್‌ನ ಹೆಸರು ಬದಲಾಯಿಸಿ, ಖಾಲಿಯಾದ ಹೊಸ ಕಮ್ಯುನಿಟಿ ಮಾಡಿ, ಈ ಒಂದು ವಿಮಾನ ಮಾತ್ರ ಹಾಕಿ ನೋಡಿ. ಹಳೇ ಲಿವರಿಗಳು (ವಿಮಾನದ ಹೊರಬಣ್ಣಗಳು) ಕೊನೆಗೆ ಬರಲಿ.

ಈಗ ಸೌಂಡ್. "ಒಮ್ಮೆ ಇರುತ್ತೆ, ಒಮ್ಮೆ ಇಲ್ಲ" ಅಂದರೆ ವಿಮಾನಕ್ಕಿಂತ ಮುಂಚೆ ವಿಂಡೋಸ್ ಕಡೆ ನೋಡಿ. ಹಾರುವಾಗ ಸ್ನೇಹಿತರ ಜೊತೆ ಡಿಸ್ಕಾರ್ಡ್‌ನಲ್ಲಿ ಮಾತಾಡುತ್ತೀರಾ? ಕರೆ ನಡೆಯುತ್ತಿದೆ ಅಂತ ಗೊತ್ತಾದರೆ ವಿಂಡೋಸ್ ಉಳಿದ ಸದ್ದುಗಳನ್ನು 80% ಇಳಿಸುತ್ತದೆ. ಅದು ಮೊದಲಿನಿಂದಲೇ ಹಾಗೆ ಹೊಂದಿಸಿರುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಸೌಂಡ್‌ಗೆ ಹೋಗಿ, ಕಮ್ಯುನಿಕೇಶನ್ಸ್ ಟ್ಯಾಬ್‌ನಲ್ಲಿ "ಡೂ ನಥಿಂಗ್" ಆರಿಸಿ. ಬ್ಲೂಟೂತ್ ಹೆಡ್‌ಸೆಟ್ ಆದರೆ ಮೈಕ್ ಆನ್ ಆದ ಕೂಡಲೇ ಅದು ಫೋನ್ ಕರೆಯ ಮೋಡ್‌ಗೆ ಹೋಗುತ್ತದೆ. ಆಗ ಎಂಜಿನ್ ಸದ್ದು ಡಬ್ಬದೊಳಗಿಂದ ಬಂದ ಹಾಗಿರುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಹ್ಯಾಂಗ್ ಆದಾಗಲೂ ಕಿವಿಗೊಟ್ಟು ಕೇಳಿ. ಚಿತ್ರ ನಿಂತು ಎಂಜಿನ್ ಸದ್ದು ಮುಂದುವರಿದರೆ ಸಿಮ್ ಬದುಕಿದೆ, ಕಾಯಿರಿ. ಸದ್ದಿನ ಒಂದೇ ತುಣುಕು ಗರ್ರ್ ಅಂತ ಸುತ್ತಿ ಸುತ್ತಿ ಬರುತ್ತಿದ್ದು ಮೌಸ್ ಕೂಡ ಅಲುಗಾಡದಿದ್ದರೆ ಇಡೀ ಕಂಪ್ಯೂಟರೇ ನಿಂತಿದೆ. ಆಗ ಡ್ರೈವರ್ ಕಡೆ ನೋಡಬೇಕು.

ಇವೆಲ್ಲ ಸರಿಯಿದ್ದರೆ ವಿಮಾನದ ಒಳಗಿನ ಫ್ಲೈಪ್ಯಾಡ್ ಎನ್ನುವ ಟ್ಯಾಬ್ಲೆಟ್ ತೆರೆಯಿರಿ. ಅದರ ಆಡಿಯೋ ಪುಟದಲ್ಲಿ ಎಂಜಿನ್‌ಗೆ, ಗಾಳಿಗೆ ಬೇರೆ ಬೇರೆ ವಾಲ್ಯೂಮ್ ಇವೆ. ಯಾವಾಗಲೋ ಕಮ್ಮಿ ಮಾಡಿ ಮರೆತಿರುತ್ತೀರಿ.

ಅದೇ ಪುಟದಲ್ಲಿ "ಪಿಟಿಯು ಆಡಿಬಲ್ ಇನ್ ಕಾಕ್‌ಪಿಟ್" ಅಂತ ಇನ್ನೊಂದು ಆಯ್ಕೆ ಇದೆ. ನೀವು ಕೇಳಿಲ್ಲ, ಆದರೂ ಹೇಳಬೇಕು ಅನಿಸುತ್ತಿದೆ. ನಿಜವಾದ ಎ320ಯಲ್ಲಿ ರೆಕ್ಕೆಯ ಹತ್ತಿರ ಕೂತಿದ್ದಾಗ ಕಾಲಡಿಯಿಂದ ನಾಯಿ ಬೊಗಳಿದಂಥ, ಗರಗಸ ಎಳೆದಂಥ ಸದ್ದು ಕೇಳಿದ್ದೀರಲ್ವಾ? ಅದೇ ಪಿಟಿಯು, ಪವರ್ ಟ್ರಾನ್ಸ್‌ಫರ್ ಯೂನಿಟ್. ಎ320ಯಲ್ಲಿ ಹಸಿರು, ನೀಲಿ, ಹಳದಿ ಅಂತ ಮೂರು ಹೈಡ್ರಾಲಿಕ್ (ಎಣ್ಣೆಯ ಒತ್ತಡದಿಂದ ಓಡುವ) ವ್ಯವಸ್ಥೆಗಳಿವೆ. ಒತ್ತಡ ಸಾಮಾನ್ಯವಾಗಿ 3000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಹಸಿರಿಗೂ ಹಳದಿಗೂ 500 ಪಿಎಸ್‌ಐಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಪಿಟಿಯು ಎದ್ದು, ಬಲ ಇರುವ ಕಡೆಯಿಂದ ಇಲ್ಲದ ಕಡೆಗೆ ಒತ್ತಡ ದಾಟಿಸುತ್ತದೆ. ಎಣ್ಣೆ ಮಾತ್ರ ಒಂದು ಹನಿಯೂ ಆಚೀಚೆ ಹೋಗುವುದಿಲ್ಲ. ಒಂದೇ ಎಂಜಿನ್‌ನಲ್ಲಿ ಟ್ಯಾಕ್ಸಿ ಮಾಡುವಾಗ (ನೆಲದ ಮೇಲೆ ಸಾಗುವಾಗ) ಅದು ಬಿಟ್ಟು ಬಿಟ್ಟು ಬೊಗಳುವುದು ಇದಕ್ಕೇ. ಇದನ್ನು ಕೇಳಿ ಸೌಂಡ್ ಕಾರ್ಡ್ ಹೋಯಿತು ಅಂದುಕೊಂಡವರೂ ಇದ್ದಾರೆ.

ಕಾಕ್‌ಪಿಟ್ ಅಷ್ಟು ಮುಂದಿರುವುದರಿಂದ ಈ ಸದ್ದು ಪೈಲಟ್‌ಗಳ ಕಿವಿಗೆ ಜೋರಾಗಿ ಬೀಳುವುದಿಲ್ಲ. ಅದಕ್ಕೇ ಇದನ್ನು ಬೇಕಾದವರಿಗೆ ಅಂತ ಬೇರೆ ಇಟ್ಟಿದ್ದಾರೆ. ಆನ್ ಮಾಡಿ. ಮೊದಲ ಎಂಜಿನ್ ಸ್ಟಾರ್ಟ್ ಮಾಡುವಾಗ ಪಿಟಿಯು ಸುಮ್ಮನಿರುತ್ತದೆ. ಎರಡನೆಯದನ್ನು ಸ್ಟಾರ್ಟ್ ಮಾಡುವಾಗ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳಲು ಸ್ವಲ್ಪ ಹೊತ್ತು ಬೊಗಳಿ ನಿಲ್ಲುತ್ತದೆ. ಅದು ಸರಿಯಾಗಿ ಕೇಳಿಸಿದರೆ ನಿಮ್ಮ ವಿಮಾನದ ಸೌಂಡ್ ಫೈಲುಗಳು ನೆಟ್ಟಗಿವೆ.